ಹಳೇ ಗಾಡಿಗೆ ಹೈಡ್ರೋಜನ್ ಕಿಟ್: ಸಾರಿಗೆ ಸಾಹೇಬ್ರಿಗೂ ಗಾಡಿ ಮಾಲಕರಿಗೂ ಒಂದು ಬಹಿರಂಗ ಪತ್ರ

ಕೊಪ್ಪಳ ಜಿಲ್ಲೆಯ ಸಾರಿಗೆ ಸಾಹೇಬ್ರಿಗೆ, ಗ್ರಾಹಕರ ಕೆಲಸ ನೋಡೋ ಅಧಿಕಾರಿಗಳಿಗೆ, ಎಲ್ಲಾರಿಗಿಂತ ಮೊದಲು ಹಳೇ ಗಾಡಿ ನಂಬಿ ಹೊಟ್ಟಿ ಹೊರಕೊಳ್ಳೋ ನಮ್ಮ ಅಣ್ತಮ್ಮಂದ್ರಿಗೆ ನಮಸ್ಕಾರ್ರಿ.

ನಾನು ಕಾರಟಗಿ ಕಡೆಯಂವ. ನಂದೊಂದು 2008ರ ಮಾಡೆಲ್ ಫೋರ್ ನಾಟ್ ಸೆವೆನ್, ಅಂದ್ರ ಟಾಟಾ 407 ಸಣ್ಣ ಲಾರಿ ಐತಿ. ಸುಗ್ಗಿಯಾಗ ನೆಲ್ಲಿನ ಚೀಲ ಗಂಗಾವತಿ ರೈಸ್ ಮಿಲ್ಲಿಗೆ ಹೊಡೀತೀನಿ, ಸುಗ್ಗಿ ಮುಗೀತಂದ್ರ ಗೊಬ್ಬರ, ಸಿಮೆಂಟು, ಮದುವಿ ಶಾಮಿಯಾನ, ಮನಿ ಖಾಲಿ ಮಾಡೋರ ಸಾಮಾನು, ಏನ್ ಸಿಕ್ರ ಅದು. ಮಾಲಕನೂ ನಾನೇ, ಡ್ರೈವರ್ರೂ ನಾನೇ. ಬರೆಯೋ ರೂಢಿ ನನಗಿಲ್ಲ, ಒಂದು ಡೈರಿ ಬಿಟ್ರ. ಡೈರಿ ಅಂದ್ರ ದೊಡ್ಡದೇನಲ್ಲ, ಬಂಕಿನ್ಯಾಗ ಎಷ್ಟು ಲೀಟರ್ ಹಾಕ್ಸಿದೆ, ಮೀಟರ್ ಎಷ್ಟಿತ್ತು, ಯಾವ ಲೋಡು, ಇಷ್ಟೇ. ನಮ್ಮಪ್ಪ ಎತ್ತಿನ ಬಂಡಿ ಕಾಲದಾಗ ಹಿಂಡಿ ಲೆಕ್ಕ ಬರೀತಿದ್ದ, ನಾನು ಡೀಸೆಲ್ ಲೆಕ್ಕ ಬರೀತೀನಿ.

ಈ ಪತ್ರ ಯಾಕಂದ್ರ, ನನ್ನ ಮಾತು ಕೇಳಿ ಮೂರು ಮಂದಿ ತಮ್ಮ ಹಳೇ ಗಾಡಿಗೆ ಹೈಡ್ರೋಜನ್ ಕಿಟ್, ಅಂದ್ರ ಗಾಡಿ ಕರೆಂಟಿನಿಂದ ನೀರನ್ನ ಗ್ಯಾಸ್ ಮಾಡಿ ಇಂಜಿನ್ನಿಗೆ ಬಿಟ್ಟು ಡೀಸೆಲ್ ಉಳಸ್ತೈತಿ ಅಂತ ಮಾರೋ ಡಬ್ಬಿ, ಹಾಕಿಸ್ಕೊಂಡಾರ. ಅದರಾಗ ಒಬ್ಬಂದು ಇನ್ನೂ ಕಂತು ಮುಗೀದ ಗಾಡಿ. ಮೂರೂ ಮಂದಿ ಮುಂದ ಕುಂತು ನನ್ನಿಂದ ತಪ್ಪಾತಪ್ಪಾ ಅಂತ ಹೇಳೀನಿ. ಆದ್ರ ಅವರನ್ನ ನೋಡಿ ಇನ್ನೆಷ್ಟು ಮಂದಿ ಹಾಕಿಸ್ಯಾರೋ ನನಗ ಲೆಕ್ಕ ಸಿಗವಲ್ದು, ಅದಕ್ಕ ಎಲ್ಲಾರ ಮುಂದ ಬಾಯಿಬಿಟ್ಟು ಹೇಳಾಕ ಕುಂತೀನಿ.

ಹೋದ ವರ್ಷ ಫೆಬ್ರವರಿ ಸುಮಾರಿಗೆ ರೋಡಿನ ಬಾಜೂಕ ಒಂದು ವ್ಯಾನ್ ನಿಂತಿತ್ತು, ಸುತ್ತ ಹತ್ತಿಪ್ಪತ್ತು ಮಂದಿ. ನಾನೂ ಗಾಡಿ ಸೈಡಿಗೆ ಹಾಕಿ ಇಳಿದೆ. ಟೇಬಲ್ ಮ್ಯಾಲೆ ಒಂದು ಗಾಜಿನ ಡಬ್ಬಿ, ಅದರಾಗ ಸಾಲಾಗಿ ನಿಲ್ಸಿದ ಸ್ಟೀಲ್ ಪ್ಲೇಟು, ಎರಡು ವೈರು ಬ್ಯಾಟ್ರಿಗೆ. ವೈರ್ ಮುಟ್ಟಿಸಿದ ಕೂಡ್ಲೆ ನೀರಾಗ ಬುರುಬುರು ಅಂತ ಗುಳ್ಳಿ, ಹಾಲು ಉಕ್ಕಿದಂಗ ನೀರು ಬೆಳ್ಳಗಾತು. ಅಂವ ಪೈಪ್ ತುದೀನ ಸೋಪಿನ ನೀರಾಗ ಅದ್ದಿ, ಎದ್ದ ಬುರುಗನ್ನ ಚಮಚೆದಾಗ ತಗೊಂಡು ಲೈಟರ್ ಹಿಡ್ದ ನೋಡ್ರಿ, ಫಟ್! ಕಿವಿ ಗುಂಯ್ ಅಂದ್ವು, ಬಾಜೂಕ ಮಲಗಿದ್ದ ನಾಯಿ ಎದ್ದು ಓಡ್ತು. "ಅಣ್ಣಾರ, ಚಹಾ ಚಮಚೆದಷ್ಟು ಗ್ಯಾಸಿಗೆ ಇಷ್ಟು ತಾಕತ್ತು, ನಿಮ್ಮ ಇಂಜಿನ್ ಒಳಗ ನಿಮಿಷಕ್ಕ ಒಂದು ಲೀಟರ್ ಮ್ಯಾಲೆ ಹೋಗ್ತೈತಿ, ಎವರೇಜ್ ಏರದ ಎಲ್ಲಿಗೆ ಹೋಗ್ತೈತಿ ಹೇಳ್ರಿ" ಅಂದ. ನಮ್ಮ ಬಾಯಿ ಮುಚ್ಚಿದ್ವು. ಲೀಟರಿಗೆ 30 ಪರ್ಸೆಂಟ್ ಡೀಸೆಲ್ ಉಳಿತೈತಿ, ಹೊಗಿ ಹೋಗ್ತೈತಿ, ಇಂಜಿನ್ ಲೈಫ್ ಡಬಲ್ ಆಗ್ತೈತಿ, ಒಂದು ಲೀಟರ್ ನೀರು ಹಾಕಿದ್ರ ಸಾವಿರ ಕಿಲೋಮೀಟರ್, ಅದೂ ಹಳೇ ಗಾಡಿಗೇ ಜಾಸ್ತಿ ಫಾಯ್ದೆ ಅಂತ ಒಂದೊಂದಾಗಿ ಪೋಣಿಸಿದ. ರೇಟು 18,500. ನಾನು ಚೌಕಾಸಿ ಮಾಡಿ 16,000ಕ್ಕ ಇಳಿಸಿದೆ ಅಂತ ಮನಿಗೆ ಬಂದು ಹೆಮ್ಮಿಯಿಂದ ಹೇಳ್ದೆ ಬ್ಯಾರೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಆ ಗ್ಯಾಸು ಸುಳ್ಳಲ್ಲ. ನೀರಿಗೆ ಕರೆಂಟ್ ಕೊಟ್ರ ಹೈಡ್ರೋಜನ್ನು ಆಕ್ಸಿಜನ್ನು ಬೇರೆ ಆಗ್ತಾವು, ಇದು ಹೈಸ್ಕೂಲ್ ಪುಸ್ತಕದಾಗೇ ಐತಿ, ಎರಡೂ ಕೂಡಿದ ಗ್ಯಾಸಿಗೆ ಎಚ್‌ಎಚ್‌ಒ ಅಂತಾರ, ಬ್ರೌನ್ಸ್ ಗ್ಯಾಸ್ ಅಂತನೂ ಅಂತಾರ. ಬೆಂಕಿ ಹಿಡಿದ್ರ ಸಿಡಿಯೋದೂ ಖರೆ. ಮೋಸ ಎಲ್ಲಿ ಐತಿ ಅಂದ್ರ ಆ ಸದ್ದಿನ್ಯಾಗ ಐತಿ. ಸದ್ದು ಜೋರಿದ್ರ ಶಕ್ತಿ ಜೋರು ಅಂತ ನಮ್ಮ ತಲಿ ತಾನೇ ಲೆಕ್ಕ ಹಾಕ್ಕೊಂಡು ಬಿಡ್ತೈತಿ. ಆಟಂಬಾಂಬ್ ಪಟಾಕಿ ಸದ್ದು ಊರಿಗೆಲ್ಲ ಕೇಳ್ತೈತಿ, ಆದ್ರ ಅದರ ಮ್ಯಾಲೆ ಒಂದು ಕಪ್ ಚಹಾ ಕಾಯಂಗಿಲ್ಲ.

ಕಿಟ್ ಹಾಕ್ಸಿದ ಮೊದಲ ಹದಿನೈದು ದಿನ ನಾನು ಆಕಾಶದಾಗ ಇದ್ದೆ. ಮೊದಲು ಲೀಟರಿಗೆ 8.1 ಕಿಲೋಮೀಟರ್ ಬರ್ತಿತ್ತು, ಡೈರ್ಯಾಗ 9 ಬಂತು. 30 ಪರ್ಸೆಂಟ್ ಅಲ್ಲ ಬಿಡ್ರಿ, ಆದ್ರ 9 ಅಂದ್ರ ನಮ್ಮಂಥವರಿಗೆ ಸಣ್ಣದಲ್ಲ. ಆ ಖುಷಿಯಾಗೇ ಮಿಲ್ಲಿನ ಪಾಳಿಯಾಗ ನಿಂತು ಎಲ್ಲಾರಿಗೂ ಸಾರಿದ್ದು, ಬಾನೆಟ್ ತೆರದು ತೋರ್ಸಿದ್ದು, ಮೂರು ಮಂದಿ ಬಲಿಗೆ ಬಿದ್ದದ್ದು. ಈಗ ಅದೇ ಡೈರಿ ತಿರುವಿ ಹಾಕಿದ್ರ ಹೊಟ್ಟಿ ಉರೀತೈತಿ. ಫೆಬ್ರವರಿ ಕಡೀಕ ನೆಲ್ಲಿನ ಲೋಡೇ ಇದ್ದಿಲ್ಲ, ನಾನು ಹೊಡದದ್ದೆಲ್ಲ ಶಾಮಿಯಾನ, ಕುರ್ಚಿ, ಅರ್ಧ ಲೋಡು ಕಾಲು ಲೋಡು. ಕಿಟ್ ಕುಂದ್ರಿಸೋ ಹುಡುಗ್ರು ಅವತ್ತೇ ಏರ್ ಫಿಲ್ಟರ್ ಹೊಸಾದು ಹಾಕಿದ್ರು, ಟೈರಿಗೆ ಗಾಳಿ ಹೊಡದ್ರು, "ಫ್ರೀ ಸರ್ವಿಸ್ ಅಣ್ಣಾರ" ಅಂದ್ರು. ಅದು ಫ್ರೀ ಅಲ್ಲ, ಅದೇ ಅಸಲು ಮಾಲು ಅಂತ ಈಗ ತಿಳೀತೈತಿ. ಇನ್ನೊಂದು, ಡ್ಯಾಶ್‌ಬೋರ್ಡ್ ಮ್ಯಾಲೆ ಒಂದು ಆಂಪ್ಸ್ ಮೀಟರ್ ಕುಂದ್ರಿಸಿದ್ರು. 16,000 ಕೊಟ್ಟಂವ ಆ ಮುಳ್ಳು ನೋಡ್ಕೋತ, ಕಾಲು ಹಗೂರ ಇಟ್ಕೊಂಡು ಮದುಮಗನ ಗಾಡಿ ಹೊಡದಂಗ ಹೊಡೀತಾನ. ಎವರೇಜ್ ಏರದೇ ಏನಾಗ್ತೈತಿ?

ನನ್ನ ಅಕ್ಕನ ಮಗಳು ಒಬ್ಬಾಕಿ ಬಿಎಸ್ಸಿ ಕಡೀ ವರ್ಷ. ಯುಗಾದಿಗೆ ಊರಿಗೆ ಬಂದಾಗ ಆಕಿಗೂ ಬಾನೆಟ್ ತೆರದು ತೋರ್ಸಿದೆ. ಆಕಿ ಕಿಟ್ ಮುಟ್ಟಲೇ ಇಲ್ಲ, ಒಂದೇ ಪ್ರಶ್ನಿ ಕೇಳಿದ್ಳು. "ಮಾಮಾ, ಇದು ಎಷ್ಟು ನೀರು ಕುಡೀತೈತಿ?"

ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಅಂದೆ, ಅದೂ ಹೆಮ್ಮಿಯಿಂದನೇ ಅಂದೆ. ಆಕಿ ನನ್ನ ಜೇಬಿನ್ಯಾಗಿನ ವೇ ಬ್ರಿಡ್ಜ್ ಚೀಟಿ ಕಸ್ಕೊಂಡು ಹಿಂದ ಬರದ್ಳು. ಒಂದು ಲೀಟರ್ ನೀರಿನ್ಯಾಗ ಇರೋ ಹೈಡ್ರೋಜನ್ ಬರೇ 111 ಗ್ರಾಂ, ಉಳಿದದ್ದೆಲ್ಲ ಆಕ್ಸಿಜನ್ನು. ಹೈಡ್ರೋಜನ್ ತೂಕದ ಲೆಕ್ಕದಾಗ ಭಾಳ ಬಲ, ಕಿಲೋಕ್ಕ 120 ಮೆಗಾಜೂಲ್, ಡೀಸೆಲ್ಲಿಗೆ 43 ಸುಮಾರು. ಅಂದ್ರ ಹೆಚ್ಚುಕಮ್ಮಿ ಮೂರು ಪಟ್ಟು. ಆದ್ರೂ 111 ಗ್ರಾಂ ಹೈಡ್ರೋಜನ್ ಅಂದ್ರ ಎಲ್ಲಾ ಕೂಡಿ ಸುಮಾರು 370 ಎಂಎಲ್ ಡೀಸೆಲ್ಲಿನಷ್ಟು ಶಕ್ತಿ. ನಮ್ಮ ಭಾಷೆಯಾಗ ಹೇಳ್ಬೇಕಂದ್ರ ಎರಡು ಕ್ವಾರ್ಟರ್ ಬಾಟ್ಲಿ. ಸಾವಿರ ಕಿಲೋಮೀಟರಿಗೆ ನನ್ನ ಗಾಡಿ 8ರ ಲೆಕ್ಕದಾಗ 125 ಲೀಟರ್ ಕುಡೀತೈತಿ. 125 ಲೀಟರ್ ಮುಂದ ಎರಡು ಕ್ವಾರ್ಟರು! "ಆ ಕರೆಂಟ್ ದೇವ್ರು ಪುಕ್ಕಟ ಕೊಟ್ರೂ ನಿನಗ ಉಳಿಯೋದು ಇಷ್ಟೇ ಮಾಮಾ, ನೂರು ರೂಪಾಯಿ ಡೀಸೆಲ್ಲಿಗೆ ಮೂವತ್ತು ಪೈಸಾ. ಅಂವ ಮೂವತ್ತು ರೂಪಾಯಿ ಅಂದಾನ."

ನೋಡ್ರಿ, ಇಂಜಿನ್ ಬಿಚ್ಚಬೇಕಿಲ್ಲ, ಲ್ಯಾಬಿಗೆ ಹೋಗಬೇಕಿಲ್ಲ. ನಿಮ್ಮ ಮುಂದ ಯಾರರ ಕಿಟ್ ಇಟ್ರ ಈ ಒಂದು ಪ್ರಶ್ನಿ ಕೇಳ್ರಿ ಸಾಕು, ಎಷ್ಟು ಕಿಲೋಮೀಟರಿಗೆ ಎಷ್ಟು ನೀರು? ನೀರು ಕಡಿಮಿ ಕುಡೀತೈತಿ ಅನ್ನೋದನ್ನ ಅವರು ಗುಣ ಅಂತ ಹೇಳ್ತಾರ. ಅದೇ ಅವರ ಕಳ್ಳತನದ ಪಂಚನಾಮೆ.

ಇನ್ನ ಆ ಕರೆಂಟೇನು ಪುಕ್ಕಟ ಬರ್ತೈತೇನ್ರಿ? ಡೈನಮೊ ಹೆಂಗೂ ತಿರುಗ್ತಿರ್ತೈತಿ, ಅದರಿಂದ ಸ್ವಲ್ಪ ತಗೊಂಡ್ರ ಏನಾತು ಅಂತ ನಾನೂ ತಿಳಕೊಂಡಿದ್ದೆ. ಹಳೇ ಗಾಡಿ ಇಟ್ಟವರಿಗೆಲ್ಲ ಗೊತ್ತಿರೋ ವಿಷಯ ಇದು, ರಾತ್ರಿ ಗಾಡಿ ನಿಲ್ಸಿ ಐಡ್ಲಿಂಗ್ ಬಿಟ್ಟು ಹೆಡ್‌ಲೈಟ್ ಹಾಕಿದ್ರ ಇಂಜಿನ್ ಸದ್ದು ಚೂರು ಕುಗ್ಗತೈತಿ. ಯಾಕ? ಡೈನಮೊ ಬಿಗಿ ಆಗ್ತೈತಿ, ಬೆಲ್ಟ್ ಎಳಿತೈತಿ, ಇಂಜಿನ್ನಿಗೆ ಭಾರ. ನನ್ನ ಕಿಟ್ 20 ಆಂಪ್ಸ್ ತಗೋತಿತ್ತು, 13.8 ವೋಲ್ಟ್ ಅಂದ್ರ 276 ವ್ಯಾಟು. ಡೈನಮೊ ಮತ್ತ ಬೆಲ್ಟ್ ನಡುವ ಅರ್ಧದ ಹತ್ರ ಸೋರಿ ಹೋಗ್ತೈತಿ, ಅದಕ್ಕ ಇಂಜಿನ್ ಮ್ಯಾಲೆ 500 ವ್ಯಾಟ್ ಭಾರ. ಇಂಜಿನ್ನೂ ಸುಟ್ಟ ಡೀಸೆಲ್ಲಿನ ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕ ಕೊಡ್ತೈತಿ, ಉಳಿದದ್ದು ರೇಡಿಯೇಟರ್ ಮತ್ತ ಸೈಲೆನ್ಸರಿನ ಬಿಸಿ, ಹಂಗಾಗಿ 1,600 ವ್ಯಾಟಿನಷ್ಟು ಡೀಸೆಲ್ ಸುಡಬೇಕು. ಇಷ್ಟೆಲ್ಲ ಮಾಡಿ ಹುಟ್ಟಿದ ಹೈಡ್ರೋಜನ್ನಿನ್ಯಾಗ ಇರೋದು 150 ವ್ಯಾಟು! ಹತ್ತು ರೂಪಾಯಿ ಬಡ್ಡಿಗೆ ತಂದು ಒಂದು ರೂಪಾಯಿ ಗಳಿಸಿದಂಗ. ನಮ್ಮ ಮುನಿರಾಬಾದ್ ಪವರ್ ಹೌಸ್ ಎಲ್ಲಾರೂ ನೋಡೀರಿ. ಡ್ಯಾಮಿನ ನೀರು ಕೆಳಗ ಬಿದ್ದು ಕರೆಂಟ್ ಆಗ್ತೈತಿ. ಅದೇ ಕರೆಂಟಿನಿಂದ ಮೋಟ್ರು ಹಚ್ಚಿ ಅದೇ ನೀರನ್ನ ಡ್ಯಾಮಿಗೆ ವಾಪಸ್ ಎತ್ತಿ, ಮಿಕ್ಕ ಕರೆಂಟ್ ಊರಿಗೆ ಕೊಡ್ತೀನಿ ಅಂತ ಯಾರರ ಬಂದ್ರ ನಮ್ಮ ಗೌಡ್ರು ಕೈಗೆ ಚಹಾ ಕೊಟ್ಟು ಬಸ್ ಹತ್ತಿಸಿ ಕಳಸ್ತಾರ. ಅದೇ ಮಾತನ್ನ ಬಾನೆಟ್ ಒಳಗ ಕುಂದ್ರಿಸಿ ಹೇಳಿದ್ರ ನಾವು ರೊಕ್ಕ ಎಣಿಸಿ ಕೊಡ್ತೀವಿ.

ಕಿಟ್ಟಿನಂವಗ ಫೋನ್ ಹಚ್ಚಿದೆ. ಅಂವ ಗಡಬಡಿಸಲಿಲ್ಲ, ಈ ಪ್ರಶ್ನಿ ಭಾಳ ಸಲ ಕೇಳಿದ್ದ ಅನಸ್ತೈತಿ. "ಅಣ್ಣಾರ, ಹೈಡ್ರೋಜನ್ನಿನ ಶಕ್ತಿಯಿಂದ ಅಲ್ರಿ ಎವರೇಜ್ ಬರೋದು, ಅದು ಡೀಸೆಲ್ ಪೂರ್ತಿ ಸುಡೂ ಹಂಗ ಮಾಡ್ತೈತಿ, ಈಗ ಅರ್ಧ ಡೀಸೆಲ್ ಹಂಗೇ ಹೊಗಿಯಾಗಿ ಹೋಗ್ತೈತಲ್ಲ" ಅಂದ. ಇದು ಕೇಳಾಕ ಭಾಳ ಚಂದ ಐತಿ, ಯಾಕಂದ್ರ ಹೊಗಿ ನಮ್ಮ ಕಣ್ಣಿಗೆ ಕಾಣ್ತೈತಿ. ಆದ್ರ ನೆಟ್ಟಗಿರೋ ಡೀಸೆಲ್ ಇಂಜಿನ್ನು ಒಳಗ ಹೋದ ಡೀಸೆಲ್ಲಿನ್ಯಾಗ ನೂರಕ್ಕ 98ರ ಮ್ಯಾಲೆನೇ ಸುಡ್ತೈತಿ. ಸುಡದೇ ಹೋಗೋದು ಒಂದೆರಡು ಪರ್ಸೆಂಟು. ಅದನ್ನ ಪೂರ್ತಿ ಸುಟ್ರೂ 30 ಪರ್ಸೆಂಟ್ ಎಲ್ಲಿಂದ ಬರ್ತೈತಿ? ಸೈಲೆನ್ಸರಿನಿಂದ ಹೋಗೋದು ಡೀಸೆಲ್ ಅಲ್ಲ, ಬಿಸಿ. ಆಗಲೇ ಸುಟ್ಟು ಬೂದಿ ಆದ ಕಟಗಿ ಮ್ಯಾಲೆ ಸೀಮೆಎಣ್ಣಿ ಸುರುವಿದ್ರ ಕಟಗಿ ಮತ್ತ ಉರೀತೈತೇನ್ರಿ? ಇನ್ನ ನಿಮ್ಮ ಗಾಡಿ ಕರೇ ಹೊಗಿ ಉಗುಳ್ತೈತಂದ್ರ ಅದಕ್ಕ ಔಷಧ ಬ್ಯಾರೆ, ನಾಝಲ್ಲು, ಪಂಪಿನ ಟೈಮಿಂಗು, ಏರ್ ಫಿಲ್ಟರ್ರು. ನೀರಿನ ಡಬ್ಬಿ ಅಲ್ಲ.

ಆದ್ರ ನಾನೂ ಮೊಂಡ. ಲೆಕ್ಕ ಲೆಕ್ಕನೇ, ನನ್ನ ಡೈರ್ಯಾಗ 9 ಬಂದದ್ದು ಹೆಂಗ ಅಂತ ಅಕ್ಕನ ಮಗಳ ಜೊತಿ ಜಗಳಾಡಿದೆ. ಆಕಿ ಒಂದು ಉಪಾಯ ಹೇಳಿದ್ಳು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರ ಸಾಹೇಬ್ರೆ, ನಿಮ್ಮನ್ನ ಆಮೇಲೆ ಕೇಳೋದು ಇದನ್ನೇ.

ಕಿಟ್ಟಿಗೆ ಒಂದು ಫ್ಯೂಜ್ ಇರ್ತೈತಿ. ಟ್ಯಾಂಕ್ ಫುಲ್ ಮಾಡಿಸಿದಾಗೊಮ್ಮೆ ಆಕಿ ಇಲ್ಲಾ ಆಕಿ ತಮ್ಮ ಬಂದು ನಾಣ್ಯ ಚಿಮ್ಮಿ, ಒಂದೋ ಫ್ಯೂಜ್ ಹಾಕ್ತಿದ್ರು, ಇಲ್ಲಾ ಕಿತ್ತು ಇಟ್ಕೊತಿದ್ರು, ಚೀಟಿಯಾಗ ಬರದು ಡಬ್ಬಿಗೆ ಹಾಕ್ತಿದ್ರು. ನನಗ ಹೇಳ್ತಿದ್ದಿಲ್ಲ, ಕ್ಲೀನರ್ ಹುಡುಗಗೂ ಹೇಳ್ತಿದ್ದಿಲ್ಲ. ಆಂಪ್ಸ್ ಮೀಟರಿಗೆ ಕರೇ ಇನ್ಸುಲೇಷನ್ ಟೇಪ್ ಹಚ್ಚಿದ್ವಿ, ಬಾನೆಟ್ ನಾನು ತೆರಿಯೋ ಹಂಗಿಲ್ಲ. ಅದೇ ಬಂಕು, ಅದೇ ಪಂಪು, ನಾಝಲ್ ತಾನೇ ಕಟ್ ಆಗೋವರೆಗೂ ಡೀಸೆಲ್ಲು. ಅಷ್ಟೊತ್ತಿಗೆ ಎರಡನೇ ಬೆಳಿ ಸುಗ್ಗಿ ಬಂದಿತ್ತು, ಅದೇ ಕಾರಟಗಿ–ಗಂಗಾವತಿ ರೋಡು, ಹೋಗ್ತ ನೆಲ್ಲಿನ ಲೋಡು, ಬರ್ತ ಖಾಲಿ. ಹಿಂಗ ಹತ್ತು ಟ್ಯಾಂಕ್ ಹೊಡದೆ. ಪ್ರತಿ ಸಲ ನನ್ನ ಅಂದಾಜೂ ಬರದಿಟ್ಟೆ, "ಇವತ್ತು ಪಿಕಪ್ ಚಲೋ ಐತಿ, ಕಿಟ್ ಚಾಲೂ ಐತಿ", "ಇವತ್ತು ಗಾಡಿ ಮಂಕಾಗೈತಿ, ಬಂದ್ ಐತಿ" ಅಂತ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ, ಗಾಡಿ ಉಸಿರು ತಿಳಿಯಂಗಿಲ್ಲೇನು ಅಂತ ಧಿಮಾಕು.

ಡಬ್ಬಿ ಒಡದು ಚೀಟಿ ಕೂಡಿಸಿದಾಗ, ಹತ್ತರಾಗ ನಾಲ್ಕು ಸಲ ಮಾತ್ರ ನನ್ನ ಅಂದಾಜು ಸರಿ ಇತ್ತು. ಕಣ್ಣು ಮುಚ್ಚಿ ಹೇಳಿದ್ರ ಐದು ಬರ್ತಿತ್ತೇನೋ. ಎವರೇಜು ಕಿಟ್ ಚಾಲೂ ಇದ್ದಾಗ 8.2, ಬಂದ್ ಇದ್ದಾಗ 8.3. ಕಿಟ್ಟಿನಿಂದ ಲುಕ್ಸಾನೇ ಆತು ಅಂತ ನಾನು ಗಟ್ಟಿ ಹೇಳಂಗಿಲ್ಲ, 0.1 ಅಂದ್ರ ರೈಲ್ವೆ ಗೇಟು, ಮಿಲ್ಲಿನ ಪಾಳಿ ಅಂತ ಜಾಸ್ತಿ ನಿಂತ್ರೂ ಬರೋ ಫರಕು. ಆದ್ರ ಫಾಯ್ದೆ ಅಂತೂ ಇಲ್ಲ.

ಆ ಹತ್ತನೇ ಟ್ಯಾಂಕಿನ್ಯಾಗೇ ಇನ್ನೊಂದು ಆತು. ಏಪ್ರಿಲ್ ಕಡೀಕ, ಗಂಗಾವತಿ ಬಿಸಿಲು ನಿಮಗ ಹೇಳ್ಬೇಕಿಲ್ಲ, ಮಿಲ್ಲಿನ ಅಂಗಳದಾಗ ಪಾಳಿಗೆ ನಿಂತಿದ್ವಿ, ಇಂಜಿನ್ ಚಾಲೂ ಇತ್ತು. ಪ್ಲಾಸ್ಟಿಕ್ ಸುಟ್ಟ ವಾಸನಿ ಬಂತು. ಕ್ಲೀನರ್ ಹುಡುಗ ಬಾನೆಟ್ ಎತ್ತಿದ, ನಾನು ಬ್ಯಾಡ ತಡಿ ಅನ್ನೋದ್ರಾಗ ಎತ್ತಿಬಿಟ್ಟ. ಕಿಟ್ಟಿನ ವೈರಿನ ತೊಗಟಿ ಬೆಲ್ಲದ ಪಾಕದಂಗ ಇಳೀತಿತ್ತು, ಡಬ್ಬಿ ಮೂಲಿಯಾಗ ಸೀಳಿ ನೀರು ಚಿಮ್ತಿತ್ತು, ಅದು ಅವನ ಮುಂಗೈ ಮ್ಯಾಲೆ ಬಿತ್ತು. ಅದು ಬರೇ ನೀರಲ್ರಿ. ಬರೇ ನೀರಿನ್ಯಾಗ ಕರೆಂಟ್ ಹರಿಯಂಗಿಲ್ಲ, ಅದಕ್ಕ ಅವರು ಹೆಸರಿಲ್ಲದ ಪಾಕೀಟಿನ್ಯಾಗ ಬಿಳೇ ಪುಡಿ ಕೊಟ್ಟಿರ್ತಾರ, ನನಗ "ಕ್ಯಾಟಲಿಸ್ಟು, ಏನೂ ಆಗಂಗಿಲ್ಲ" ಅಂದಿದ್ರು. ಅದು ಪೊಟ್ಯಾಸಿಯಂ ಹೈಡ್ರಾಕ್ಸೈಡು, ಕಾಸ್ಟಿಕ್ ಪೊಟ್ಯಾಷು. ಕೈಗೆ ಹತ್ತಿದ್ರ ಸೋಪಿನಂಗ ಜಾರತೈತಿ, ಯಾಕಂದ್ರ ನಮ್ಮ ತೊಗಲಿನ ಜಿಡ್ಡನ್ನೇ ಅದು ಸೋಪ್ ಮಾಡ್ತಿರ್ತೈತಿ. ಪುಣ್ಯಕ್ಕ ಬಾಜೂಕ ನೀರಿನ ಟ್ಯಾಂಕಿ ಇತ್ತು, ಹುಡುಗನ್ನ ಎಳಕೊಂಡು ಹೋಗಿ ನಳದ ಕೆಳಗ ಇಪ್ಪತ್ತು ನಿಮಿಷ ಕೈ ಹಿಡಿಸಿದೆ. ಈಗ ಅಂಗೈಯಗಲ ಕಪ್ಪು ಕಲೆ ಉಳದೈತಿ. ಕಣ್ಣಿಗೆ ಸಿಡಿದಿದ್ರ ಅವರವ್ವಗ ನಾನೇನ್ ಹೇಳ್ಬೇಕಿತ್ತು?

ಯಾಕ ಹಂಗಾತು ಅಂದ್ರ, ಆ ನೀರು ಬಿಸಿ ಆದಷ್ಟೂ ಕರೆಂಟ್ ಜಾಸ್ತಿ ಹರೀತೈತಿ, ಕರೆಂಟ್ ಜಾಸ್ತಿ ಆದಷ್ಟೂ ಮತ್ತ ಬಿಸಿ ಆಗ್ತೈತಿ. ಚಳಿಗಾಲದಾಗ 20 ಆಂಪ್ಸ್ ಇದ್ದದ್ದು ನಮ್ಮ ಬಿಸಿಲಿಗೆ ಎಲ್ಲಿಗೆ ಏರಿತ್ತೋ, ಮೀಟರಿಗೆ ಬ್ಯಾರೆ ನಾವೇ ಟೇಪ್ ಹಚ್ಚಿದ್ವಿ, ಅದು ನಮ್ಮ ದಡ್ಡತನ, ನೀವು ಪರೀಕ್ಷೆ ಮಾಡೋದಾದ್ರ ಅದೊಂದು ತಪ್ಪು ಮಾಡಬ್ಯಾಡ್ರಿ, ಬ್ಯಾರೆ ಒಬ್ಬರು ಮೀಟರ್ ನೋಡ್ಕೋತ ಇರಲಿ. ಫ್ಯೂಜ್ ಯಾಕ ಹಾರಲಿಲ್ಲ ಅಂತ ಬಿಚ್ಚಿ ನೋಡಿದ್ರ ವೈರ್ ತಾಳೋದಕ್ಕಿಂತ ಡಬಲ್ ಫ್ಯೂಜ್ ಹಾಕಿದ್ರು. ಇನ್ನ ಕೆಲವು ಗಾಡ್ಯಾಗ ಕಿಟ್ಟನ್ನ ಸೀದಾ ಚಾವಿಗೆ ಜೋಡಿಸಿರ್ತಾರ, ಇಂಜಿನ್ ಬಂದ್ ಇದ್ರೂ ಚಾವಿ ಆನ್ ಇದ್ರ ಗ್ಯಾಸ್ ಹುಟ್ತಾನೇ ಇರ್ತೈತಿ, ಏರ್ ಫಿಲ್ಟರ್ ಡಬ್ಬಿಯಾಗ ತುಂಬಿ ಕುಂದ್ರತೈತಿ. ಹೈಡ್ರೋಜನ್ ಗಾಳಿಯಾಗ ನೂರಕ್ಕ 4 ಭಾಗ ಇದ್ರೂ ಬೆಂಕಿ ಹಿಡೀತೈತಿ, 75 ಭಾಗ ಇದ್ರೂ ಹಿಡೀತೈತಿ. ಒಂದು ಸಣ್ಣ ಕಿಡಿ ಸಾಕು. ಆ ಚಮಚೆದಷ್ಟರ ಸದ್ದು ನೆನಪೈತಲ್ರಿ?

ಪೆಟ್ರೋಲ್ ಹಳೇ ಗಾಡಿಯವರಿಗೆ ಒಂದು ಮಾತು. ಅಲ್ಲಿ ಕಿಟ್ ಜೊತಿಗೆ ಕಾರ್ಬೊರೇಟರ್ ಸ್ಕ್ರೂ ತಿರುವಿ ಪೆಟ್ರೋಲ್ ಕಡಿಮಿ ಮಾಡಿ ಕೊಡ್ತಾರ, ಸೆನ್ಸರ್ ಇರೋ ಗಾಡಿ ಇದ್ರ ಸೆನ್ಸರಿಗೆ ಸುಳ್ಳು ಹೇಳೋ ಒಂದು ಚಿಪ್ ಹಾಕ್ತಾರ. ಒಂದಿಷ್ಟು ದಿನ ಎವರೇಜ್ ಬಂದಂಗ ಕಾಣ್ತೈತಿ, ಪಿಕಪ್ ಸಾಯ್ತೈತಿ, ಇಂಜಿನ್ ಜಾಸ್ತಿ ಕಾದು ವಾಲ್ವ್ ಸುಡೋದು ಆಮೇಲೆ. ಅಷ್ಟೊತ್ತಿಗೆ ವ್ಯಾನ್ ಬ್ಯಾರೆ ಜಿಲ್ಲೆಯಾಗ ಇರ್ತೈತಿ. ಹಳೇ ಗಾಡಿಗೇ ಜಾಸ್ತಿ ಫಾಯ್ದೆ ಅಂತ ಅವರು ಅನ್ನೋದು ಯಾಕ ಅಂತ ಈಗ ತಿಳೀತು. ಹಳೇ ಗಾಡಿಗೆ ವಾರಂಟಿ ಇಲ್ಲ, ಶೋರೂಮಿನವರು ಕೇಳಂಗಿಲ್ಲ, ಕಂಪ್ಯೂಟರ್ ಹಚ್ಚಿ ನೋಡೂ ಹಂಗಿಲ್ಲ, ಇಂಜಿನ್ ಹೋದ್ರ "ವಯಸ್ಸಾಗಿತ್ತು ಬಿಡ್ರಿ" ಅಂದ್ರ ಮುಗೀತು.

ಇದೇನು ಹೊಸಾ ಆಟ ಅಲ್ಲ. ಅಮೆರಿಕಾದಾಗ ಸ್ಟ್ಯಾನ್ಲಿ ಮೇಯರ್ ಅಂತ ಒಬ್ಬಂವ ನೀರಿನ ಕಾರು ಅಂತ ಮಂದಿ ಕಡೆ ರೊಕ್ಕ ಎತ್ತಿದ್ದ. 1996ರಾಗ ಓಹಾಯೋ ಕೋರ್ಟು ತಜ್ಞರನ್ನ ಕರಸಿ ಅವನ ಡಬ್ಬಿ ಪರೀಕ್ಷೆ ಮಾಡಿಸಿ, ಇದು ಮಾಮೂಲಿ ಎಲೆಕ್ಟ್ರೋಲಿಸಿಸ್, ದೊಡ್ಡ ಮೋಸ ಅಂತ ಹೇಳಿ ಇಬ್ಬರು ಹೂಡಿಕೆದಾರರಿಗೆ 25,000 ಡಾಲರ್ ವಾಪಸ್ ಕೊಡಿಸ್ತು. ಅದೇ 1996ರಾಗ ನಮ್ಮ ಬಾಜೂ ತಮಿಳುನಾಡಿನ್ಯಾಗ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡ್ತೀನಿ ಅಂದು ದೇಶಕ್ಕೆಲ್ಲ ಹೆಸರಾದ, ಕೇಸ್ ಎಳದು ಎಳದು 2016ರಾಗ ಚೆನ್ನೈ ಸಿಬಿಐ ಕೋರ್ಟು ಮೂರು ವರ್ಷ ಶಿಕ್ಷೆ ಕೊಡ್ತು. 2012ರಾಗ ಪಾಕಿಸ್ತಾನದಾಗ ಒಬ್ಬಂವ ಟಿವ್ಯಾಗ ಮಂತ್ರಿಗಳ ಮುಂದೇ ನೀರಿನ ಕಾರ್ ಓಡಿಸ್ತೀನಿ ಅಂದ, ಸೈನ್ಸಿನವರೇ ಕೆಲವು ಮಂದಿ ನಂಬಿ ಕುಂತ್ರು. ಅಮೆರಿಕಾದ ಪರಿಸರ ಇಲಾಖೆ ಇಪಿಎ ಅಂತೂ ಹಿಂಗ ತೈಲ ಉಳಸ್ತೀವಿ ಅನ್ನೋ ಸಾಮಾನು ನೂರರ ಮ್ಯಾಲೆ ಪರೀಕ್ಷೆ ಮಾಡೈತಿ, ಬೆರಳೆಣಿಕೆಯಷ್ಟಕ್ಕ ಮಾತ್ರ ಚೂರುಪಾರು ಎವರೇಜ್ ಬಂದೈತಿ. ಅಲ್ಲಿನವರೂ ಮೋಸ ಹೋಗ್ಯಾರ ಅಂತ ತಿಳದಾಗ ನನಗ ಸ್ವಲ್ಪ ಸಮಾಧಾನ ಆತು, ಸುಳ್ಳ್ಯಾಕ ಹೇಳ್ಲಿ.

ಈಗಿನ ತೊಂದರಿ ಏನಂದ್ರ ಖರೆ ಹೈಡ್ರೋಜನ್ ಸುದ್ದಿ ದಿನಾ ಪೇಪರಿನ್ಯಾಗ ಬರ್ತೈತಿ. ಕೇಂದ್ರ ಸರಕಾರ 2023ರ ಜನವರಿಯಾಗ 19,744 ಕೋಟಿ ರೂಪಾಯಿಯ ಗ್ರೀನ್ ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗಿ ಕೊಡ್ತು, ಮರು ತಿಂಗಳೇ ಬೆಂಗಳೂರಿನ್ಯಾಗ ಅಶೋಕ್ ಲೇಲ್ಯಾಂಡ್–ರಿಲಯನ್ಸಿನ ಹೈಡ್ರೋಜನ್ ಇಂಜಿನ್ ಲಾರಿಗೆ ಪ್ರಧಾನಿ ಹಸಿರು ನಿಶಾನಿ ತೋರಿಸಿದ್ರು. ಕಿಟ್ಟಿನಂವ ಆ ಫೋಟೋನೇ ಪಾಂಪ್ಲೆಟ್ಟಿನ್ಯಾಗ ಹಾಕಿದ್ದ! ಆದ್ರ ಆ ಲಾರಿಗೂ ಈ ಡಬ್ಬಿಗೂ ಸಂಬಂಧ ಇಲ್ರಿ. ಅಲ್ಲಿ ಹೈಡ್ರೋಜನ್ನನ್ನ ಹೊರಗ ಮಾಡಿ ಸಿಲಿಂಡರಿನ್ಯಾಗ ತುಂಬಿ ತರ್ತಾರ, ಡೀಸೆಲ್ ತುಂಬಿಸಿದಂಗ, ಅದಕ್ಕೂ ರೊಕ್ಕ ಕೊಡಬೇಕು. ಡೀಸೆಲ್ ಜೊತಿ ಸಿಲಿಂಡರ್ ಹೈಡ್ರೋಜನ್ ಕೂಡಿಸಿ ಸುಡೋ ಸಂಶೋಧನೆ ಕಾಲೇಜುಗಳಾಗ ನಡದಾವು, ಹೊಗಿ ಕಡಿಮಿ ಆಗೋದೂ ಐತಿ, ಬ್ಯಾರೆ ವಿಷದ ಗ್ಯಾಸು ಜಾಸ್ತಿ ಆಗೋದೂ ಐತಿ. ಅಲ್ಲಿ ಹೈಡ್ರೋಜನ್ನಿನ ಲೆಕ್ಕನೂ ಖರ್ಚಿನ್ಯಾಗ ಬರೀತಾರ. ಇಲ್ಲಿ ನನ್ನ ಡೀಸೆಲ್ಲಿನಿಂದನೇ ಮಾಡಿ ನನಗೇ ಉಡುಗೊರಿ ಅಂತ ಕೊಡ್ತಾರ.

ಈಗ ಸಾಹೇಬ್ರೆ, ನಿಮಗ.

ಮೋಟಾರು ವಾಹನ ಕಾಯ್ದೆ 52ನೇ ಕಲಮಿನ ಪ್ರಕಾರ ಕಂಪ್ನಿ ಮಾಡಿಕೊಟ್ಟಂಗ ಅಲ್ಲದ ಬದಲಾವಣೆ ಗಾಡ್ಯಾಗ ಮಾಡೂ ಹಂಗಿಲ್ಲ, ಸುಪ್ರೀಂ ಕೋರ್ಟೂ 2019ರಾಗ ಇದನ್ನ ಗಟ್ಟಿ ಮಾಡಿ ಹೇಳೈತಿ. 182ಎ ಪ್ರಕಾರ ಬದಲಾವಣೆ ಮಾಡಿದ ಮಾಲಕಗ ಆರು ತಿಂಗಳವರೆಗೂ ಜೈಲು, ಇಲ್ಲಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಎರಡೂ. ಸಿಎನ್‌ಜಿ ಕಿಟ್ಟಿಗೆ ಎಆರ್‌ಎಐನಂಥ ಗಾಡಿ ಪರೀಕ್ಷೆ ಮಾಡೋ ಸಂಸ್ಥೆ ಪಾಸ್ ಮಾಡಿದ ಸರ್ಟಿಫಿಕೇಟ್ ಇರ್ತೈತಿ, ಆರ್‌ಸಿ ಮ್ಯಾಲೆ ಏರ್ತೈತಿ. ನನ್ನ ಕಿಟ್ಟಿಗೆ ಇದ್ದದ್ದು ಒಂದು ಬಣ್ಣದ ಪಾಂಪ್ಲೆಟ್ಟು, ಒಂದು ಸೀಲ್ ಇಲ್ಲದ ಬಿಲ್ಲು. ಇದೆಲ್ಲಾ ಕಿಟ್ ಸುಟ್ಟ ಮ್ಯಾಲೆ ನನಗ ಗೊತ್ತಾತು. ಹಾಕ್ಸಿದಾಗ ನಾನೂ ತಪ್ಪಿತಸ್ಥನೇ ಇದ್ದೆ ಅಂತ ಒಪ್ಕೋತೀನಿ, ಈ ಪತ್ರ ಓದಿ ನೀವು ದಂಡ ಹಾಕಿದ್ರ ಕಟ್ತೀನಿ. ಆದ್ರ ದಯಮಾಡಿ ಈ ಕಾಯ್ದೆ ಹಿಡ್ಕೊಂಡು ಮೊದಲು ಮಾಲಕರ ಮ್ಯಾಲೆ ಬೀಳಬ್ಯಾಡ್ರಿ. ಹಂಗ ಬಿದ್ರ ಯಾರೂ ಬಾಯಿ ಬಿಡಂಗಿಲ್ಲ, ಪಾಸಿಂಗಿಗೆ ಬರೋ ಹಿಂದಿನ ದಿನ ಬಿಚ್ಚಿ ಮರುದಿನ ಹಾಕ್ಕೋತಾರ, ನಮ್ಮ ಮಂದಿ ನನಗ ಗೊತ್ತಿಲ್ಲೇನು. ಒಂದು ಗಡುವು ಕೊಡ್ರಿ, ಬಿಚ್ಚಿಸಿ ಬಿಲ್ ತಂದು ತೋರ್ಸಿದವರಿಗೆ ದಂಡ ಇಲ್ಲ ಅನ್ರಿ. ಆ ಬಿಲ್ಲುಗಳ ಮ್ಯಾಲೆ ಮಾರಿದವರನ್ನ ಹಿಡೀರಿ.

ಇನ್ನೊಂದು ಬೇಡಿಕಿ. ಯಾವುದರ ಐಟಿಐ ಇಲ್ಲಾ ಪಾಲಿಟೆಕ್ನಿಕ್ ಅಂಗಳದಾಗ ಒಂದು ವಾರ ಈ ಫ್ಯೂಜ್ ಪರೀಕ್ಷೆ ಎಲ್ಲಾರ ಮುಂದ ಮಾಡಿಸ್ರಿ. ಕಿಟ್ ಮಾರೋರನ್ನೂ ಕರೀರಿ, ಅವರ ಕೈಯಿಂದಲೇ ಕಿಟ್ ಕುಂದ್ರಿಸ್ಲಿ, ಫ್ಯೂಜ್ ಮಾತ್ರ ನಿಮ್ಮ ಕೈಯಾಗ ಇರಲಿ. ಗಾಡಿ ನಂದು ಕೊಡ್ತೀನಿ, ಡೀಸೆಲ್ ನೀವು ಹಾಕ್ಸ್ರಿ. ಅವರು ಬರಂಗಿಲ್ಲ ಅಂತ ನನಗ ಗೊತ್ತು. ಬರಲಿಲ್ಲ ಅನ್ನೋದೇ ಮಂದಿಗೆ ಕಾಣಬೇಕು.

ಈಗಾಗಲೇ ರೊಕ್ಕ ಕಳಕೊಂಡವರು ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಹಚ್ರಿ. ಜಿಲ್ಲಾ ಗ್ರಾಹಕರ ಆಯೋಗದಾಗ 5 ಲಕ್ಷದೊಳಗಿನ ಕೇಸಿಗೆ ಫೀಸೇ ಇಲ್ಲ, ಎರಡು ವರ್ಷದೊಳಗ ಹಾಕ್ಬೇಕು, ಬಿಲ್ಲು, ಪಾಂಪ್ಲೆಟ್ಟು, ವಾಟ್ಸಪ್ಪಿನ್ಯಾಗ ಅವರು ಕಳಿಸಿದ ಮೆಸೇಜು ಯಾವುದೂ ಅಳಸಬ್ಯಾಡ್ರಿ. ಸುಳ್ಳು ಜಾಹೀರಾತಿಗೆ 2019ರ ಕಾಯ್ದೆಯಾಗ 10 ಲಕ್ಷದವರೆಗೂ ದಂಡ ಐತಿ. ನಾನು ಮತ್ತ ಆ ಮೂರು ಮಂದಿ ಕೂಡಿ ಹಾಕಾವ್ರಿದ್ದೀವಿ, ಅಂದ್ರ ಇಬ್ಬರು ಹೂಂ ಅಂದಾರ, ಕಂತಿನ ಗಾಡಿಯಂವ ಇನ್ನೂ ನನ್ನ ಜೊತಿ ಮಾತಾಡವಲ್ಲ.

ಎವರೇಜ್ ಬೇಕಾದವರು ಏನ್ ಮಾಡ್ಬೇಕಪ್ಪಾ ಅಂತ ಕೇಳ್ತೀರಿ. ನನ್ನ ಡೈರಿ ಹೇಳೋದು ಇಷ್ಟು. ಟೈರಿಗೆ ವಾರಕ್ಕೊಮ್ಮೆ ಬೆಳಿಗ್ಗೆ ತಣ್ಣಗಿದ್ದಾಗ ಗಾಳಿ ನೋಡೋದು, ನಮ್ಮ ನೆಲ್ಲಿನ ಧೂಳಿಗೆ ಏರ್ ಫಿಲ್ಟರ್ ಕಂಪ್ನಿ ಹೇಳಿದ್ದಕ್ಕಿಂತ ಮೊದಲೇ ಬದಲಿ ಮಾಡೋದು, ಬ್ರೇಕ್ ಹಿಡ್ಕೊಂಡೈತೇನು ಅಂತ ಡ್ರಮ್ ಮುಟ್ಟಿ ನೋಡೋದು, 45ರಿಂದ 55 ಸ್ಪೀಡಿನ್ಯಾಗ ಹೊಡಿಯೋದು, ಮಿಲ್ಲಿನ ಪಾಳಿಯಾಗ ಇಂಜಿನ್ ಬಂದ್ ಮಾಡೋದು. ನಾಝಲ್ ಮತ್ತ ಪಂಪ್ ಕ್ಯಾಲಿಬ್ರೇಷನ್ ಮಾಡಿಸಿದೆ, ಕಿಟ್ಟಿನ ಅರ್ಧ ರೊಕ್ಕನೂ ಆಗ್ಲಿಲ್ಲ, ಹೊಗಿ ನಿಂತು ಈಗ ಫುಲ್ ಲೋಡಿನ್ಯಾಗ 8.7 ಬರ್ತೈತಿ. ಇದರಾಗ ಫಟ್ ಅನ್ನೋದು ಯಾವುದೂ ಇಲ್ಲ, ಅದಕ್ಕ ಯಾರೂ ವ್ಯಾನ್ ತಂದು ಮಾರಂಗಿಲ್ಲ.

ಕಿಟ್ಟನ್ನ ಬಿಚ್ಚಿ ಗೋಣಿಚೀಲದಾಗ ಕಟ್ಟಿ ಇಟ್ಟೀನಿ, ಬಿಳೇ ಪುಡಿ ಪಾಕೀಟು ಹುಡುಗ್ರ ಕೈಗೆ ಸಿಗದಂಗ ಅಟ್ಟದ ಮ್ಯಾಲೆ ಐತಿ. ಸಾಹೇಬ್ರೆ, ನೀವು ಯಾವ ದಿನ ಅಂದ್ರ ಆ ದಿನ ಡೈರಿ, ಚೀಟಿ, ಸುಟ್ಟ ವೈರು ಎಲ್ಲಾ ತಗೊಂಡು ಬರ್ತೀನಿ, ಹುಡುಗನ್ನೂ ಕರಕೊಂಡು ಬರ್ತೀನಿ. ಸುಗ್ಗಿ ಶುರು ಆಗೋದ್ರಾಗ ಕರದ್ರ ಚಲೋ, ಆಮೇಲೆ ಗಾಡಿ ಕೈಗೆ ಸಿಗಂಗಿಲ್ಲ.

ಇಂತಿ,
ಒಬ್ಬ ಹಳೇ 407ರ ಮಾಲಕ, ಡ್ರೈವರ್ರೂ ಹೌದು
ಕಾರಟಗಿ ತಾಲೂಕು, ಕೊಪ್ಪಳ ಜಿಲ್ಲೆ